ಎಮ್ಮೆಯ ಮುಂದೆ ನಿಲ್ಲುವವನು

"ಎತ್ತಿ, ಎತ್ತಿ! ಆ ಮೂಲೆ ಇಳೀತಾ ಇದೆ ನೋಡಿ!" ಎಂದು ಫ್ಯಾಕ್ಟರಿಯ ವಾಚ್‌ಮನ್ ಕೂಗಿದ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕೆಲವರು ಉದ್ದ, ಕೆಲವರು ಗಿಡ್ಡ. ಒಂದೇ ಫ್ಯಾಕ್ಟರಿಯವರಾದ ಮಾತ್ರಕ್ಕೆ ಒಂದೇ ಅಳತೆಯವರಾಗಿರಬೇಕೆಂದೇನೂ ಇಲ್ಲವಲ್ಲ. ಪೆಟ್ಟಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿ, ಕೊನೆಗೆ ಮನೆಯ ಮುಂದೆ ನಿಂತಿದ್ದ ಗಾಡಿಯ ಬೆನ್ನಿನ ಮೇಲೆ ಕೂತಿತು. ಸೈನ್ಯದ ಸಾಮಾನನ್ನೋ ಗಾಯಗೊಂಡ ಸಿಪಾಯಿಯ ಸ್ಟ್ರೆಚರನ್ನೋ ಹೊರಲೆಂದು ಮಾಡಿದ ಬೆನ್ನು ಅದು. ಪೆಟ್ಟಿಗೆ ಅದಕ್ಕಿಂತ ಒಂದು ಗೇಣು ಹೆಚ್ಚಾಗಿ ಹಿಂದಕ್ಕೆ ಚಾಚಿಕೊಂಡಿತು. ವಾಚ್‌ಮನ್ ಪಟ್ಟಿ ಬಿಗಿದ, ಎಳೆದು ನೋಡಿದ, ಮತ್ತೊಮ್ಮೆ ಬಿಗಿದ.

"ಬದುಕಿದ್ದಾಗ ಸೈಕಲ್ ಬಿಟ್ಟು ಬೇರೇನೂ ಹತ್ತಿದವನಲ್ಲ ನನ್ನ ತಮ್ಮ," ಎಂದಳು ಸತ್ತವನ ಅಕ್ಕ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತವಳು. "ಈಗ ನೋಡಿ, ಡ್ರೈವರೇ ಇಲ್ಲದ ಗಾಡೀಲಿ ಸವಾರಿ. ಸ್ಮಶಾನ ಬಿಟ್ಟು ಇನ್ನೆಲ್ಲಿಗಾದ್ರೂ ಕರ್ಕೊಂಡು ಹೋದ್ರೆ ಯಾರನ್ನ ಕೇಳೋದು?"

ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು.

ಗಾಡಿ ಮೇಜಿನಷ್ಟು ಎತ್ತರ, ಮಂಚದಷ್ಟು ಉದ್ದ, ಮಣ್ಣಿನ ಬಣ್ಣ. ಎರಡೂ ಬದಿಗೆ ದಪ್ಪ ದಪ್ಪ ಚಕ್ರಗಳು, ಮೂತಿಯಲ್ಲಿ ಎರಡು ಕ್ಯಾಮೆರಾ ಕಣ್ಣು. ಡ್ರೈವರ್ ಕೂರುವ ಜಾಗ ಎಂಬುದೇ ಇಲ್ಲ. ಆ ಜಾಗದಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ ಒಂದು ಕಂಪ್ಯೂಟರ್ ಇದೆ, ದಾರಿ ನೋಡುವುದೂ ಅದೇ, ಗಾಡಿ ಹೊಡೆಯುವುದೂ ಅದೇ. ಕಾಗದದ ಮೇಲೆ ಅದಕ್ಕೆ ಉದ್ದದ ಹೆಸರಿತ್ತು. ಫ್ಯಾಕ್ಟರಿಯವರು ಮಾತ್ರ ಅದನ್ನು ಎಮ್ಮೆ ಎಂದೇ ಕರೆಯುತ್ತಿದ್ದರು.

ಎಮ್ಮೆಯ ಮೇಲೆ ಪೆಟ್ಟಿಗೆ ಕಳಿಸುವ ಯೋಚನೆ ಫ್ಯಾಕ್ಟರಿಯ ದೊಡ್ಡ ಸಾಹೇಬರದು. ಅವರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತ ಸತ್ತವನ ಹೆಂಡತಿಯ ಹತ್ತಿರ ಬಂದರು. ಆ ಕಣ್ಣೀರು ನಿಜದ್ದೇ. ಸಾಹೇಬರು ಕೆಲಸಕ್ಕೆ ಸೇರಿದ ಮೊದಲ ದಿನ ಊಟ ತರದೆ ಕೂತಿದ್ದಾಗ ತನ್ನ ಡಬ್ಬಿಯನ್ನು ಅವರ ಮುಂದೆ ತಳ್ಳಿದವನು ಈ ಸತ್ತವನೇ. ಅದನ್ನು ಅವರು ಮರೆತಿರಲಿಲ್ಲ.

"ಇವನು ಸಾಕಿ ಬೆಳೆಸಿದ ಗಾಡಿಯಮ್ಮಾ ಇದು," ಎಂದರು. "ಇದೇ ಇವನನ್ನ ಕಳಿಸಿಕೊಡಬೇಕು. ನಮ್ಮ ಗೌರವ ಅಂತ ತಿಳ್ಕೊಳ್ಳಿ."

ಅವಳು ತಲೆಯಾಡಿಸಿದಳು. ಸಾಹೇಬರ ಹಿಂದೆ ಇಂಜಿನಿಯರ್ ಹುಡುಗಿ ನಿಂತಿದ್ದಳು. ಕೊರಳಿಗೆ ಹಾಕಿದ ಪಟ್ಟಿಯಲ್ಲಿ ಅಂಗೈಯಗಲದ ಒಂದು ಸಾಧನ ಜೋತಾಡುತ್ತಿತ್ತು. ಎಮ್ಮೆಯ ಕಂಪ್ಯೂಟರಿಗೆ ಪಾಠ ಹೇಳಿದವಳು ಈ ಹುಡುಗಿ. ಮನೆಗೆ ಎಷ್ಟೋ ಸಲ ಬಂದು ಉಂಡು ಹೋದವಳು. ಇವತ್ತು ಅವಳ ಕಣ್ಣು ಒಣಗಿತ್ತು, ತುಟಿ ಬಿಳಿಚಿತ್ತು. ಅಳುವ ಮುಖ ಯಾವುದು, ಹೆದರಿದ ಮುಖ ಯಾವುದು ಎಂದು ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಚಿನ ತಿಂಗಳುಗಳಲ್ಲಿ ಗಂಡನ ಮುಖದಲ್ಲಿ ಅವಳು ದಿನಾ ನೋಡಿದ್ದು ಇದನ್ನೇ.

*

ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು, "ಅಲ್ಲ, ನೀವು ಫ್ಯಾಕ್ಟರೀಲಿ ಮಾಡೋದಾದ್ರೂ ಏನು?"

"ಬೀಳಿಸ್ತೀನಿ."

"ಏನನ್ನ?"

"ಕಂಪ್ಯೂಟರನ್ನ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಆಮೇಲೆ ತಿಳಿಯಿತು, ಅದೇ ಅವನ ಕೆಲಸ. ಸೈನ್ಯಕ್ಕೆ ಹೋಗುವ ಕಂಪ್ಯೂಟರ್ ಬಿದ್ದರೂ ಬದುಕಬೇಕು, ಬೆಂದರೂ ಬದುಕಬೇಕು. ಅವನು ಅವನ್ನು ಸೊಂಟದೆತ್ತರದಿಂದ ಕಬ್ಬಿಣದ ಹಲಗೆಯ ಮೇಲೆ ಬೀಳಿಸುತ್ತಿದ್ದ. ಒಂದೊಂದು ಮೂಲೆಯ ಮೇಲೂ ಬೀಳಿಸಬೇಕು, ಒಂದೊಂದು ಅಂಚಿನ ಮೇಲೂ ಬೀಳಿಸಬೇಕು. ಕುಲುಮೆಯಂಥ ಪೆಟ್ಟಿಗೆಯಲ್ಲಿಟ್ಟು ಕಾಯಿಸುತ್ತಿದ್ದ, ಮಂಜುಗಟ್ಟಿಸುತ್ತಿದ್ದ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದ, ಮರಳು ತೂರುತ್ತಿದ್ದ. ಇಷ್ಟೆಲ್ಲ ಹಿಂಸೆಯ ಕೊನೆಗೆ ಗುಂಡಿ ಒತ್ತಿದಾಗ ಪರದೆ ಬೆಳಗಿದರೆ "ಬದುಕಿದ್ಯಾ ಮಗನೇ?" ಎಂದು ಬೆನ್ನು ತಟ್ಟುತ್ತಿದ್ದನಂತೆ. ಬೆಳಗದಿದ್ದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಮನೆಯಲ್ಲಿ ಅವನಷ್ಟು ನಾಜೂಕಿನವರು ಇರಲಿಲ್ಲ. ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಮಗಳು ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳಲು ವಾರಗಟ್ಟಲೆ ಒಪ್ಪಲಿಲ್ಲ. "ಬೇಡ, ನನ್ನ ಕೈಗೆ ಬಿಡೋದು ರೂಢಿ," ಎನ್ನುತ್ತಿದ್ದ.

ಒಂದು ದಿನ ಕಂಪ್ಯೂಟರ್ ಹಲಗೆಯ ಮೇಲೆ ಬೀಳುವ ಬದಲು ಅವನ ಎಡಪಾದದ ಮೇಲೆ ಬಿತ್ತು. ಮೂಳೆ ಮುರಿಯಿತು. ಎತ್ತಿ ಗುಂಡಿ ಒತ್ತಿ ನೋಡಿದರೆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. "ಅದು ಪಾಸು, ನೀನು ಫೇಲು," ಎಂದು ಜೊತೆಯವರು ಆಸ್ಪತ್ರೆಗೇ ಬಂದು ನಕ್ಕು ಹೋದರು. ಅಂದಿನಿಂದ ಎಡಗಾಲನ್ನು ಕೊಂಚ ಎಳೆದು ನಡೆಯತೊಡಗಿದ. ಓಡಾಟದ ಕೆಲಸ ಬೇಡ, ಸುಮ್ಮನೆ ನಿಲ್ಲುವ ಕೆಲಸ ಕೊಡೋಣ ಎಂದು ಅವನನ್ನು ಎಮ್ಮೆಗಳ ಯಾರ್ಡಿಗೆ ಹಾಕಿದರು.

*

ಒಳಕೋಣೆಯಲ್ಲಿ ಮಗಳು ಬೂಟಿನ ದಾರ ಕಟ್ಟುತ್ತಿದ್ದಳು. ಅವಳು ಸೈನ್ಯದಲ್ಲಿ ನರ್ಸು. ಅಪ್ಪ ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು ಎದೆ ಹಿಡಿದುಕೊಂಡು ಕುಸಿದ ಸುದ್ದಿ ಕೇಳಿ ಓಡಿ ಬಂದಿದ್ದಳು. ಅವಳಿಗೆ ಸಿಕ್ಕ ರಜೆ ಇವತ್ತಿಗೆ ಮುಗಿಯುತ್ತಿತ್ತು.

"ಮಣ್ಣು ಮುಗಿದ ಕೂಡ್ಲೇ ಹೊರಡ್ಬೇಕಮ್ಮಾ. ಜೀಪು ಅಲ್ಲಿಗೇ ಬರುತ್ತೆ."

"ಇನ್ನೆರಡು ದಿನ ಇರೋಕೆ ಆಗಲ್ವೇನೇ?"

"ಅಲ್ಲಿ ಕೈ ಸಾಲ್ತಾ ಇಲ್ಲ. ಅಪ್ಪನ ಎಮ್ಮೆಗಳು ನಮ್ಮ ಕಡೆಗೆ ಈಗಷ್ಟೇ ಬಂದಿವೆ, ಇನ್ನು ಪರವಾಗಿಲ್ಲ. ಗುಂಡು ಹಾರೋ ಕಡೆಯಿಂದ ಗಾಯಾಳುಗಳನ್ನ ಹೊತ್ಕೊಂಡು ತಾವೇ ಬರ್ತವಂತೆ. ನಾವು ಎದುರಿಗೆ ಹೋಗಿ ಇಳಿಸ್ಕೋಬೇಕು."

"ಎದುರಿಗೆ ಅಂದ್ರೆ?"

"ಎದುರಿಗೆ ಅಂದ್ರೆ ಎದುರಿಗೆ. ಇನ್ನು ಹದಿನೈದು ದಿನ ನನ್ನ ಡ್ಯೂಟಿ ಅದೇ." ಮಗಳು ತಲೆಯೆತ್ತಿದಳು. ಅಷ್ಟು ಹೊತ್ತಿನಿಂದ ತಡೆದದ್ದು ಈಗ ಕಣ್ಣಲ್ಲಿ ತುಂಬಿತು. ಆದರೂ ನಗುತ್ತಲೇ ಹೇಳಿದಳು, "ಅಪ್ಪ ಈಚೆಗೆ ಫೋನ್ ಮಾಡ್ದಾಗೆಲ್ಲ ಒಂದೇ ಮಾತು. ಎಮ್ಮೆ ಎದುರಿಗೆ ಬಂದ್ರೆ ನನ್ನ ಹಾಗೆ ಎಡಗಾಲು ಎಳೆದು ನಡಿ ಮಗಳೇ ಅಂತ. ಯಾಕಪ್ಪಾ ಅಂದ್ರೆ, ಫೋನಲ್ಲಿ ಹೇಳೋ ಹಾಗಿಲ್ಲ, ನೀನು ನಡಿ ಅಷ್ಟೆ ಅಂತಿದ್ರು. ನಾನು ನಕ್ಕುಬಿಡ್ತಿದ್ದೆ. ಕೊನೇ ಸಲ ಬೈದೇ ಬಿಟ್ರು, 'ನಗ್ಬೇಡ, ನಡೀತೀನಿ ಅಂತ ಮಾತು ಕೊಡು' ಅಂತ."

ಹೆಂಡತಿಯ ಹತ್ತಿರವೂ ಅವನು ಹೀಗೇ ಒಂದು ಸಂಜೆ, ಕುರ್ಚಿಯಿಂದ ಎದ್ದು, "ಎಲ್ಲಿ, ನನ್ನ ಹಾಗೆ ಒಂದು ಸಲ ನಡೆದು ತೋರಿಸು," ಎಂದಿದ್ದ. ವಯಸ್ಸಾದ ಮೇಲೆ ಇದೇನು ಹುಡುಗಾಟ ಎಂದು ಅವಳು ರೇಗಿದ್ದಳು. ಅವನು ಮತ್ತೆ ಕೇಳಲಿಲ್ಲ. ಗೋಡೆಗೆ ಒರಗಿ ತನ್ನ ಕಾಲನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದ.

"ಮಾತು ಕೊಟ್ಯಾ?" ಎಂದು ಕೇಳಿದಳು.

"ಕೊಟ್ಟೆ, ಸುಮ್ನೆ. ಅಷ್ಟು ಜನರ ಮುಂದೆ ಕುಂಟ್ಕೊಂಡು ನಡೆಯೋಕಾಗುತ್ತೇನಮ್ಮಾ?"

*

ಯಾರ್ಡಿನಲ್ಲಿ ಒಂದು ಹಳದಿ ಗೆರೆ ಇತ್ತು. ಎಮ್ಮೆ ಓಡುತ್ತಿರುವಾಗ ಆ ಗೆರೆ ದಾಟಬಾರದು. ಹಿಂದೊಮ್ಮೆ ಯಾರದೋ ಬೆರಳು ಚಕ್ರಕ್ಕೆ ಸಿಕ್ಕಿದ ಮೇಲೆ ಮಾಡಿದ ನಿಯಮ. ಒಬ್ಬನೇ ಒಬ್ಬ ದಾಟಬಹುದಾಗಿತ್ತು. ಅದಕ್ಕೆಂದೇ ತರಬೇತಿ ಕೊಟ್ಟು, ವಿಮೆ ಮಾಡಿಸಿ, ಇವನನ್ನು ನೇಮಿಸಿದ್ದರು. ಜನರ ಜೀವ ಕಾಯಲು ಮಾಡಿದ ನಿಯಮವಾದ್ದರಿಂದ ಅದನ್ನು ಯಾರೂ ತಪ್ಪೆನ್ನಲಿಲ್ಲ.

ಎಮ್ಮೆ ಬರುತ್ತದೆ. ಅವನು ಎದುರಿಗೆ ನಿಲ್ಲುತ್ತಾನೆ. ಅಡ್ಡ ಹಾಯುತ್ತಾನೆ, ಕೂರುತ್ತಾನೆ, ಮಲಗುತ್ತಾನೆ, ಪೊದೆಯ ಹಿಂದಿನಿಂದ ಕಾಲೆಳೆದುಕೊಂಡು ಬರುತ್ತಾನೆ. ಪ್ರತಿ ಸಲವೂ ಕಂಪ್ಯೂಟರಿಗೆ ಹೇಳುವುದು ಒಂದೇ: ಇವನು ಮನುಷ್ಯ, ನಿಲ್ಲು. ವರ್ಷಗಟ್ಟಲೆ ಇದೇ ನಡೆಯಿತು. ಹೊಸ ಎಮ್ಮೆ ಬಂದರೆ ಹಳೆಯದು ಕಲಿತದ್ದನ್ನೆಲ್ಲ ಅದಕ್ಕೆ ತುಂಬಿ ಮತ್ತೆ ಇವನನ್ನೇ ನಿಲ್ಲಿಸುತ್ತಿದ್ದರು. ಅವನಿಗೆ ಗೋಡೆ ಎಂದು ಹೆಸರು ಬಿದ್ದದ್ದು ಹಾಗೆ. ಚಿಕ್ಕವರು ಗೋಡೆಯಣ್ಣ ಎನ್ನುತ್ತಿದ್ದರು.

ಅವನಿಗೆ ಸುಸ್ತಾದ ದಿನ ಬೊಂಬೆಗಳನ್ನು ನಿಲ್ಲಿಸುತ್ತಿದ್ದರು. ಬೊಂಬೆಗೆ ಬಟ್ಟೆ ಬೇಕಲ್ಲ? ಅವನ ಹಳೆಯ ಅಂಗಿ, ಪ್ಯಾಂಟುಗಳನ್ನು ಅವಳೇ ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಕಳಿಸುತ್ತಿದ್ದಳು. "ಬೊಂಬೆಗೆ ಇಸ್ತ್ರಿ ಯಾಕೆ?" ಎಂದು ಅವನು ನಗುತ್ತಿದ್ದ. "ನಿಮ್ಮ ಹೆಸರಲ್ಲಿ ನಿಲ್ಲೋದು ತಾನೇ? ಮುದುರಿದ ಅಂಗೀಲಿ ನಿಂತ್ರೆ ನನ್ನ ಮರ್ಯಾದೆ ಹೋಗುತ್ತೆ," ಎನ್ನುತ್ತಿದ್ದಳು.

ಮನೆಯವರನ್ನು ಫ್ಯಾಕ್ಟರಿಗೆ ಕರೆದ ದಿನ ಒಮ್ಮೆ ಅವಳೂ ಹಳದಿ ಗೆರೆಯ ಈಚೆ ನಿಂತು ನೋಡಿದ್ದಳು. ಎಮ್ಮೆ ಕಲ್ಲುಗಳನ್ನು ಹತ್ತಿ ಇಳಿದು ನೇರ ಅವನ ಮೇಲೇ ಬರುತ್ತಿತ್ತು. ಅವನು ಬೆನ್ನು ಹಾಕಿ ನಿಂತಿದ್ದ. ಅವಳು ಕೂಗಬೇಕೆಂದರೆ ನಾಲಿಗೆ ಏಳಲಿಲ್ಲ. ಮೊಣಕಾಲಿನ ಹತ್ತಿರ ಬಂದು ಎಮ್ಮೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳು ಅತ್ತಳು.

"ಹೆದರ್ಕೋಬೇಡ್ವೇ," ಎಂದಿದ್ದ ಅವನು ಮನೆಗೆ ಬರುವಾಗ. "ಅದು ನನ್ನ ಬಿಟ್ಟು ಬೇರೆ ಮನುಷ್ಯರನ್ನೇ ನೋಡಿಲ್ಲ."

ಅವತ್ತು ಅದು ಅವನ ಹೆಮ್ಮೆಯ ಮಾತಾಗಿತ್ತು.

*

ಅವಳು ಕೋಣೆಯಿಂದ ಹಿತ್ತಿಲಿಗೆ ಬಂದಾಗ ವಾಚ್‌ಮನ್ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ. ಕೈಗೆ ಕೊಳೆಯೇನೂ ಇರಲಿಲ್ಲ, ಆದರೂ ತೊಳೆಯುತ್ತಲೇ ಇದ್ದ. ಅವಳನ್ನು ಕಂಡು ನಲ್ಲಿ ನಿಲ್ಲಿಸಿದ.

"ಅತ್ತಿಗೆ, ಒಂದು ಮಾತು. ಮನೆಯವರನ್ನ ಗಾಡಿ ಮುಂದೆ ನಡೆಸ್ತಾರಂತೆ, ಫೋಟೋಗೆ. ನೀವು ನಡೀಬೇಡಿ. ಹಿಂದೆ ಇದ್ಬಿಡಿ."

"ಯಾಕೆ?"

ಅವನು ಬಾಗಿಲ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದ. "ಹಳದಿ ಗೆರೆ ದಾಟ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಅತ್ತಿಗೆ. ಹೋದ್ರೆ ಹೋಗ್ಲಿ. ಊಟದ ಹೊತ್ತು. ಆಚೆ ಗೇಟಿಗೆ ಸುತ್ತಿ ಹೋಗೋಕೆ ಸೋಮಾರಿತನ, ಯಾರ್ಡ್ ಮಧ್ಯಾನೇ ನಡೆದೆ. ಎಮ್ಮೆ ಬಂತು. ದಿನಾ ಗೋಡೆಯಣ್ಣನ ಮುಂದೆ ನಿಲ್ಲೋದು ನೋಡಿದ್ನಲ್ಲ, ನಾನೂ ನಿಂತೆ. ಬಾರೋ ಬಾರೋ ಅಂತ ಕೈ ಬೇರೆ ಬೀಸ್ದೆ."

"ನಿಲ್ಲಲಿಲ್ವಾ?"

"ನಿಧಾನಾನೂ ಮಾಡ್ಲಿಲ್ಲ. ನನ್ನ ಕಾಲು ನೆಲಕ್ಕೆ ಅಂಟ್ಕೊಂಡಂಗಾಯ್ತು. ಗೋಡೆಯಣ್ಣ ಆ ಕಾಲಲ್ಲಿ ಹೇಗೆ ಓಡಿ ಬಂದ್ರೋ ದೇವರೇ ಬಲ್ಲ. ನನ್ನ ಆಚೆ ತಳ್ಳಿ ತಾವು ನಿಂತ್ರು. ನಿಂತ್ಬಿಡ್ತು! ಸಾಕಿದ ನಾಯಿ ಹಾಗೆ ಅವರ ಮೊಣಕಾಲಿಗೆ ಮೂತಿ ತಾಗಿಸಿ ನಿಂತ್ಬಿಡ್ತು ಅತ್ತಿಗೆ!" ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಮಾರನೇ ದಿನ ನನ್ನದೊಂದು ಅಂಗಿ ಇಸ್ಕೊಂಡು ಬೊಂಬೆಗೆ ತೊಡಿಸಿ ನಿಲ್ಸಿದ್ರು. ಬೊಂಬೆ ಮೇಲೆ ಹತ್ಕೊಂಡು ಹೋಯ್ತು. ಅಂಗಿ ನನಗೆ ವಾಪಸ್ ಕೊಟ್ರು. ನಾನು ಅದನ್ನ ಹಾಕ್ಕೊಳ್ಳಲಿಲ್ಲ, ಸುಟ್ಟೆ."

ಹೆಂಡತಿ ಅಲ್ಲಿಯೇ ಒಗೆಯುವ ಕಲ್ಲಿನ ಮೇಲೆ ಕೂತಳು. ಮಗಳು ಹೇಳಿದ ಮಾತುಗಳೆಲ್ಲ ಈಗ ಒಂದಕ್ಕೊಂದು ಕೂಡಿಕೊಂಡವು. ಅವಳಿಗೆ ಗಂಡ ಸತ್ತ ದುಃಖವೂ ಒಂದು ಕ್ಷಣ ಮರೆತುಹೋಯಿತು. ಇದ್ದದ್ದು ಬರೀ ಭಯ.

"ಆ ಇಂಜಿನಿಯರ್ ಹುಡುಗೀನ ಅಡುಗೆಮನೆಗೆ ಕಳಿಸು," ಎಂದಳು.

ಹುಡುಗಿ ಬಂದಳು. ಬಂದವಳೇ ಗೋಡೆಗೆ ಬೆನ್ನು ಕೊಟ್ಟು ನಿಂತಳು, ಏನು ಕೇಳುತ್ತಾರೆಂದು ಮೊದಲೇ ಗೊತ್ತಿದ್ದವಳಂತೆ.

"ನನ್ನ ಮಗಳ ಮುಂದೆ ಅದು ನಿಲ್ಲುತ್ತಾ?"

"ಗೊತ್ತಿಲ್ಲ ಅಮ್ಮಾ."

"ನನ್ನ ಕಣ್ಣು ನೋಡಿ ಹೇಳು."

ಹುಡುಗಿ ನೋಡಲಿಲ್ಲ. "ಅದನ್ನ ಮಾಡಿರೋದೇ ಅಡ್ಡ ಬಂದದ್ದನ್ನ ಹತ್ತಿಕೊಂಡು ಹೋಗ್ಲಿ ಅಂತ. ಕಲ್ಲು, ಪೊದೆ, ದಿಬ್ಬ ಎಲ್ಲಾನೂ. ಮನುಷ್ಯರನ್ನ ಮಾತ್ರ ಬಿಟ್ಟು. ಮನುಷ್ಯ ಅಂದ್ರೆ ಏನು ಅಂತ ನಾನು ಕಲಿಸ್ದೆ. ಸಾವಿರಾರು ಚಿತ್ರ ತೋರಿಸ್ದೆ. ಬಿಸಿಲಲ್ಲಿ, ಮಬ್ಬಲ್ಲಿ, ಮಳೇಲಿ. ಎಲ್ಲಾದ್ರಲ್ಲೂ ಇದ್ದದ್ದು ಅವರೊಬ್ಬರೇ. ಅಷ್ಟು ದಿನ ನನ್ನ ತಲೆಗೇ ಹೊಳೀಲಿಲ್ಲ ಅಮ್ಮಾ. ಯಾರ ತಲೆಗೂ ಹೊಳೀಲಿಲ್ಲ."

"ಸಾಹೇಬರಿಗೆ ಹೇಳಿದ್ರಾ?"

"ನಾನೂ ಅವರೂ ಇಬ್ಬರೂ ಹೋಗಿ ಹೇಳಿದ್ವಿ. ಬೊಂಬೆ ಬೊಂಬೇನೇ, ಮನುಷ್ಯನ ಮೇಲೆ ನೋಡದೆ ಹೇಗೆ ಹೇಳ್ತೀರಿ ಅಂದ್ರು. ಮನುಷ್ಯನ್ನ ನಿಲ್ಲಿಸ್ತೀವಿ ಅಂದ್ರೆ, ನಿಯಮ ಬಿಡಲ್ಲ ಅಂದ್ರು. ಅಷ್ಟರಲ್ಲಿ ಗಾಡಿಗಳು ಹೋಗಿಬಿಟ್ಟಿದ್ವು." ಅವಳು ಕೊರಳ ಸಾಧನವನ್ನು ಮುಷ್ಟಿಯಲ್ಲಿ ಹಿಡಿದಳು. ಅದರ ನಡುವೆ ಒಂದು ಕೆಂಪು ಗುಂಡಿ. "ಇವತ್ತು ನೀವು ಹೆದರ್ಬೇಡಿ. ಇದನ್ನ ಒತ್ತಿ ಹಿಡಿದಷ್ಟು ಹೊತ್ತು ಅದು ಅಲ್ಲಾಡಲ್ಲ. ಬಿಟ್ರೆ ಮತ್ತೆ ತನ್ನ ದಾರಿ ಹಿಡಿಯುತ್ತೆ. ನಾನು ಕಣ್ಣು ಮಿಟುಕಿಸಲ್ಲ."

"ಅಲ್ಲಿ, ನನ್ನ ಮಗಳು ಇರೋ ಕಡೆ, ಈ ಗುಂಡಿ ಯಾರ ಕೈಲಿರುತ್ತೆ?"

"ಯಾರ ಕೈಲೂ ಇರಲ್ಲ." ಹುಡುಗಿಯ ಮುಷ್ಟಿ ಸಡಿಲಿ ಸಾಧನ ಮತ್ತೆ ಜೋತಾಡಿತು. "ಯಾರೂ ಬೇಕಾಗಿಲ್ಲ ಅಂತ ತಾನೇ ಅದನ್ನ ಮಾಡಿದ್ದು."

ಹೆಂಡತಿ ಮಗಳನ್ನು ಕರೆದು ಎಲ್ಲ ಹೇಳಿದಳು. ಮಗಳು ಕೇಳಿದಳು, ಹುಬ್ಬು ಗಂಟಿಕ್ಕಿದಳು, ನೇರ ಅಂಗಳಕ್ಕೆ ಹೋಗಿ ಸಾಹೇಬರನ್ನೇ ಕೇಳಿದಳು. ಸಾಹೇಬರು ಅವಳ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ಅಪ್ಪ ವರ್ಷಗಟ್ಟಲೆ ಅದರ ಮುಂದೆ ನಿಂತ. ಒಂದು ಗೀರು ಬಿತ್ತಾ? ವಾಚ್‌ಮನ್ ಮಾತು ಬಿಡಮ್ಮಾ. ಗೆರೆ ದಾಟಿದವರು ತಪ್ಪು ಮುಚ್ಚಿಕೊಳ್ಳೋಕೆ ಏನಾದ್ರೂ ಒಂದು ಹೇಳ್ತಾರೆ. ಅನುಮಾನ ಇದ್ದಿದ್ರೆ ನಾನು ನಿಮ್ಮನ್ನೆಲ್ಲ ಅದರ ಜೊತೆ ನಡೆಸ್ತಿದ್ನಾ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ನಂಬಬೇಕೆಂದು ಹಟ ಹಿಡಿದು ನಂಬಿದ್ದರು, ಅಷ್ಟೆ. ಇಲ್ಲವಾದರೆ ಕಳಿಸಿದ ಗಾಡಿಗಳನ್ನು ನೆನೆದು ಅವರಿಗೂ ಅನ್ನ ಇಳಿಯುವಂತಿರಲಿಲ್ಲ.

ಮಗಳು ಒಳಗೆ ಬಂದು ಅಮ್ಮನ ಭುಜ ಹಿಡಿದಳು. "ಅಮ್ಮಾ, ನಿನಗೆ ನನ್ನ ಕಳಿಸೋಕೆ ಮನಸ್ಸಿಲ್ಲ. ಅದಕ್ಕೆ ಎಲ್ಲಾನೂ ಹಾಗೇ ಕಾಣುತ್ತೆ. ಅಲ್ಲಿ ಜನ ಸಾಯ್ತಾ ಇದ್ದಾರೆ, ನಾನು ಗಾಡಿಗೆ ಹೆದರಿ ಕೂತ್ಕೊಂಡೆ ಅಂತ ಹೇಳ್ಲಾ?"

"ನಿನ್ನಪ್ಪನೂ ಹೆದರಿದ್ರು ಕಣೇ!"

"ಅಪ್ಪನಿಗೆ ಎದೆ ಸರಿ ಇರಲಿಲ್ಲಮ್ಮಾ. ಏನೇನೋ ಯೋಚನೆ ಬರ್ತಿತ್ತು ಪಾಪ."

ಹೊರಗಿನಿಂದ ಸತ್ತವನ ಅಕ್ಕ ಕೂಗಿದಳು, "ಬರ್ರೇ, ಬಿಸಿಲೇರ್ತಾ ಇದೆ. ಅವನಿಗಂತೂ ಅವಸರವಿಲ್ಲ, ನನ್ನ ಮಂಡಿಗಿದೆ."

*

ಕಾರ್ಮಿಕರ ಮನೆಗಳ ಸಾಲು ದಾಟಿದರೆ ಫ್ಯಾಕ್ಟರಿಯ ಉದ್ದನೆಯ ಕಾಂಪೌಂಡು. ಅದರ ಪಕ್ಕದಲ್ಲೇ ಸ್ಮಶಾನದ ರಸ್ತೆ. ಫ್ಯಾಕ್ಟರಿಯ ಫೋಟೋಗ್ರಾಫರ್ ಮುಂದೆ ಓಡಿ ಓಡಿ ಹೋಗಿ ಕೂರುತ್ತಿದ್ದ, ಮತ್ತೆ ಏಳುತ್ತಿದ್ದ. "ಮನೆಯವರು ಮುಂದೆ ಬನ್ನಿ. ಗಾಡಿ ಹಿಂದೆ ಇರ್ಲಿ. ಇನ್ನೂ ಸ್ವಲ್ಪ ಮುಂದೆ."

ಎಮ್ಮೆ ಗುಂಯ್ ಎನ್ನುತ್ತ ನಡಿಗೆಯ ವೇಗದಲ್ಲಿ ಬರುತ್ತಿತ್ತು. ಅದರ ಬದಿಯಲ್ಲಿ ಇಂಜಿನಿಯರ್ ಹುಡುಗಿ, ಹುಡುಗಿಯ ಹಿಂದೆ ಉಳಿದವರೆಲ್ಲ. ಹೆಂಡತಿ ಮಗಳನ್ನು ರಸ್ತೆಯ ಅಂಚಿಗೆ ತಳ್ಳಿ ತಾನು ನಡುವೆ ನಡೆದಳು. ಬೆನ್ನ ಹಿಂದೆ ಗುಂಯ್ ಶಬ್ದ. ಗಂಡ ಪ್ರತಿದಿನ ಬೆನ್ನಿನಲ್ಲಿ ಕೇಳಿಸಿಕೊಂಡ ಶಬ್ದ ಇದೇ ಇರಬೇಕು ಎನಿಸಿತು. ಈ ಭಯವನ್ನು ಡಬ್ಬಿಯ ಜೊತೆ ಮನೆಗೆ ತಂದು, ಯಾರಿಗೂ ಬಾಯಿಬಿಟ್ಟು ಹೇಳದೆ, ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದನಲ್ಲ! ಒಂದು ಸಲ ಕಾಲೆಳೆದು ನಡೆದು ತೋರಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಅವಳು ಹಿಂದೆ ಸರಿದು ಹುಡುಗಿಯ ಪಕ್ಕಕ್ಕೆ ಬಂದಳು.

"ನಾನು ನಿಲ್ತೀನಿ," ಎಂದಳು ಮೆಲ್ಲಗೆ. "ನೀನು ಗುಂಡಿ ಮುಟ್ಟಬೇಡ. ಅವಳು ಕಣ್ಣಾರೆ ನೋಡ್ಲಿ."

"ಅಯ್ಯೋ, ಬೇಡ ಅಮ್ಮಾ!"

"ಮುಟ್ಟಬೇಡ ಅಂದೆ."

ಹುಡುಗಿ ಇನ್ನೇನೋ ಹೇಳುವಷ್ಟರಲ್ಲಿ ಅವಳು ಬಿರಬಿರನೆ ಮುಂದೆ ಹೋಗಿ, ರಸ್ತೆಯ ನಡುವೆ, ಎಮ್ಮೆಗೆ ಎದುರಾಗಿ ತಿರುಗಿ ನಿಂತಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಫೋಟೋಗ್ರಾಫರ್ "ಚೆನ್ನಾಗಿದೆ, ಹಾಗೇ ಇರಿ" ಎಂದ. ಮಗಳು ತಿರುಗಿ ನೋಡಿ, "ಅಮ್ಮಾ!" ಎಂದು ಕಿರುಚಿದಳು. ಎಮ್ಮೆಯ ಎರಡು ಕಣ್ಣು, ಅದರ ಮೇಲೆ ಪೆಟ್ಟಿಗೆಯ ಅಂಚು ದೊಡ್ಡದಾಗುತ್ತ ಬಂದವು. ಓಡಿಬಿಡಬೇಕೆಂದು ಅವಳ ಮೈಯೆಲ್ಲ ಹೇಳಿತು. ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚಿಕೊಂಡಳು.

ಗುಂಯ್ ಶಬ್ದ ನಿಂತಿತು.

ಕಣ್ಣು ಬಿಟ್ಟಾಗ ಎಮ್ಮೆಯ ಮೂತಿ ಅವಳ ಸೀರೆಯ ನೆರಿಗೆಗೆ ತಾಗುವಂತಿತ್ತು. ಸುತ್ತ ಹಿಡಿದಿಟ್ಟ ಉಸಿರುಗಳೆಲ್ಲ ಒಟ್ಟಿಗೇ ಹೊರಬಿದ್ದವು. ಅವಳಿಗೂ ಹೋದ ಜೀವ ಬಂದಂತಾಯಿತು. ನಿಂತಿತು! ನನ್ನ ಮುಂದೆಯೂ ನಿಂತಿತು! ಅವಳಿಗೆ ಅಲ್ಲೇ ಕುಸಿದು ಕೂತು ಅಳಬೇಕೆನಿಸಿತು.

"ನೋಡಿದ್ರಾ! ನೋಡಿದ್ರಾ!" ಎನ್ನುತ್ತ ಸಾಹೇಬರು ಓಡಿ ಬಂದರು. ಅವರ ಕಣ್ಣಲ್ಲಿ ಮತ್ತೆ ನೀರು. "ನಾನು ಹೇಳ್ಲಿಲ್ವಾ?"

ಮಗಳು ಅಮ್ಮನನ್ನು ತಬ್ಬಿಕೊಂಡು ಪಕ್ಕಕ್ಕೆ ಎಳೆದಳು. ಅವಳು ನಗುತ್ತಿದ್ದಳು. "ನಿಂತೇಬಿಡ್ತಲ್ಲಮ್ಮಾ! ಸಾಕಾ ಈಗ? ಇನ್ನು ನೆಮ್ಮದಿಯಾಗಿ ಕಳಿಸ್ತೀಯಾ ನನ್ನ?"

ಅವಳು ಹೂಂ ಎನ್ನಲು ಬಾಯಿ ತೆರೆದಳು. ಆಗ ಮಗಳ ಭುಜದ ಮೇಲಿಂದ ಇಂಜಿನಿಯರ್ ಹುಡುಗಿ ಕಂಡಳು. ಹುಡುಗಿ ಎರಡೂ ಕೈಯಲ್ಲಿ ಸಾಧನವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕೆಂಪು ಗುಂಡಿಯ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು.

ಇಬ್ಬರ ಕಣ್ಣೂ ಕೂಡಿದವು. ಹುಡುಗಿ ಸಣ್ಣಗೆ ತಲೆ ಅಡ್ಡಡ್ಡ ಆಡಿಸಿದಳು. ನನ್ನಿಂದ ಆಗಲಿಲ್ಲ ಅಮ್ಮಾ ಎಂಬಂತೆ.

ಸಾಹೇಬರು ಎಮ್ಮೆಯ ಮುಂದೆ ಹೋಗಿ, ಅದಕ್ಕೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತಿದ್ದರು. "ಇಲ್ಲೊಂದು ತೆಗಿಯಪ್ಪಾ," ಎಂದರು ಫೋಟೋಗ್ರಾಫರನಿಗೆ. "ನೋಡಿ ಎಲ್ಲರೂ. ನನ್ನ ಗೋಡೆ ಕಟ್ಟಿಕೊಟ್ಟ ಗಾಡಿ ಇದು. ಯಾರು ಬೇಕಾದ್ರೂ ನಿಲ್ಲಬಹುದು ಇದರ ಮುಂದೆ."

"ಕೈ ತೆಗಿ ಮಗಳೇ," ಎಂದಳು ಹೆಂಡತಿ.

ಮಗಳು ತನಗೇ ಹೇಳಿದ್ದೆಂದುಕೊಂಡು ಅಪ್ಪುಗೆ ಸಡಿಲಿಸಿದಳು. ಅಮ್ಮ ತನ್ನತ್ತ ನೋಡುತ್ತಿಲ್ಲವೆಂದು ತಿಳಿದು, ಅವಳು ನೋಡುತ್ತಿದ್ದ ಕಡೆ ತಿರುಗಿದಳು.

ಹುಡುಗಿ ಸಾಹೇಬರನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಹೆಬ್ಬೆರಳು ಎತ್ತಿದಳು.

ಗುಂಯ್ ಎಂದಿತು. ಎಮ್ಮೆಯ ಮೂತಿ ಸಾಹೇಬರ ತೊಡೆಯ ಹಿಂಭಾಗಕ್ಕೆ ತಾಗಿ ಅವರನ್ನು ಮುಂದಕ್ಕೆ ತಳ್ಳಿತು. ಅವರು ಮುಗ್ಗರಿಸಿ ತಿರುಗಿದರು. ಅಂಗೈ ಅಡ್ಡ ಹಿಡಿದರು. "ಏಯ್, ನಿಲ್ಲು," ಎಂದರು ಮೊದಲು ಗದರುವಂತೆ. ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, "ನಾನು! ನಾನು!" ಎಂದರು. ಅದು ನಿಲ್ಲಲಿಲ್ಲ. ಒಂದು ಕಾಲಿನ ಬೂಟು ಕಳಚಿ ರಸ್ತೆಯ ಮೇಲೆ ಉಳಿಯಿತು. ಅವರು ಚರಂಡಿಯ ಕಡೆಗೆ ಹಾರಿದರು. ಎಮ್ಮೆ ಬೂಟಿನ ಮೇಲೆ ಹತ್ತಿ, ಪೆಟ್ಟಿಗೆಯನ್ನು ಒಮ್ಮೆ ಕುಲುಕಿ, ಇಳಿದು ಮುಂದೆ ನಡೆಯಿತು.

ಜನ ಎರಡೂ ಬದಿಗೆ ಚೆದುರಿದರು. ಮಗಳು ಮಾತ್ರ ಇದ್ದಲ್ಲೇ ನಿಂತು, ಇಂಜಿನಿಯರ್ ಹುಡುಗಿಯ ಕೈಯನ್ನು, ಕೆಂಪು ಗುಂಡಿಯಿಂದ ಮೇಲೆ ಗಾಳಿಯಲ್ಲಿ ಎತ್ತಿ ಹಿಡಿದಿದ್ದ ಆ ಹೆಬ್ಬೆರಳನ್ನು ನೋಡುತ್ತಿದ್ದಳು.